ಬಾಳೆಪಟ್ಟೆಯಿಂದ ಹಣ್ಣಿನ ತಟ್ಟೆ: ಕೊಡಗಿನ ತೋಟದ ಮನೆಗಳಿಗೆ

ಗೊನೆ ಕಡಿದ ಬಾಳೆಯ ದಿಂಡು ಅಡುಗೆಮನೆಗೆ ಹೋದ ಮೇಲೆ ಉಳಿಯುವ ಪಟ್ಟೆಗಳಿಂದ, ಕಿತ್ತಳೆ, ಬೆಣ್ಣೆಹಣ್ಣು ಮತ್ತು ಒಣ ತಿಂಡಿಗಳನ್ನಿಡುವ ಗಟ್ಟಿ ತಟ್ಟೆಗಳನ್ನು ಮನೆಯಲ್ಲಿಯೇ ಮಾಡಬಹುದು. ಕೊಡಗಿನಲ್ಲಿ ಈ ಕೆಲಸವನ್ನು ಕೆಡಿಸುವುದು ತೇವ. ಆದ್ದರಿಂದ ಕಾಫಿ ಎತ್ತಿ ಕಣ ಖಾಲಿಯಾದ ಮೇಲೆ ಆರಂಭಿಸಿ, ಮೇ ಕೊನೆಯೊಳಗೆ ಮುಗಿಸಬೇಕು.

ಪಟ್ಟೆಗಳನ್ನು ಎರಡು ಸೆಂಟಿಮೀಟರ್ ತುಂಡುಗಳಾಗಿ ಕತ್ತರಿಸಿ ಒಣಗಿಸಿ. ನಾರು ಇದಕ್ಕಿಂತ ಉದ್ದವಿದ್ದರೆ ಮಿಕ್ಸಿಯ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಹಸಿ ಪಟ್ಟೆಯಲ್ಲಿ ಶೇ 90ಕ್ಕೂ ಹೆಚ್ಚು ನೀರೇ ಇರುವುದರಿಂದ ಧಾರಾಳವಾಗಿ ಸಂಗ್ರಹಿಸಿಕೊಳ್ಳಿ. ಒಂದು ಕಿಲೋ ಒಣ ತುಂಡುಗಳಿಗೆ 200 ಗ್ರಾಂ ವಾಷಿಂಗ್ ಸೋಡಾ ಮತ್ತು ಮುಳುಗಿ ಮೇಲೆ ನಿಲ್ಲುವಷ್ಟು ನೀರು ಹಾಕಿ, ಎಳೆಗಳು ಬೆರಳಿನಲ್ಲಿ ಸುಲಭವಾಗಿ ಬಿಡುವವರೆಗೆ, ಸುಮಾರು ಮೂರು ಗಂಟೆ ಕುದಿಸಿ. ಸೋಡಾ ಅಲ್ಯೂಮಿನಿಯಂ ಅನ್ನು ತಿನ್ನುವುದರಿಂದ ಸ್ಟೀಲ್ ಪಾತ್ರೆಯೇ ಬೇಕು, ಕೈಗವಸು ಧರಿಸಿ. ಬೇಯಿಸಿದ ನೀರನ್ನು ಯಾವ ಕಾರಣಕ್ಕೂ ತೋಡಿಗೆ ಬಿಡಬೇಡಿ, ಏಕೆಂದರೆ ನಮ್ಮ ಬಹುತೇಕ ತೋಡುಗಳು ಕೊನೆಗೆ ಕಾವೇರಿಯನ್ನೇ ಸೇರುತ್ತವೆ; ಅದಕ್ಕೆ ಹೆಚ್ಚು ನೀರು ಬೆರೆಸಿ, ಬಾವಿ ಮತ್ತು ಗಿಡದ ಬುಡಗಳಿಂದ ದೂರದ ಗುಂಡಿಗೆ ಸುರಿಯಿರಿ.

ನಾರನ್ನು ಜಾರುವಿಕೆ ಹೋಗುವವರೆಗೆ ತೊಳೆದು, ಸ್ವಲ್ಪ ಸ್ವಲ್ಪವಾಗಿ, ಸಾಕಷ್ಟು ನೀರಿನೊಂದಿಗೆ ರುಬ್ಬಿ. ಇದೇ ರೀತಿ ಬೇಯಿಸಿದ ಭತ್ತದ ಹುಲ್ಲನ್ನು ಮೂರನೆಯ ಒಂದು ಪಾಲು ಸೇರಿಸಿದರೆ, ಅದರ ಗಿಡ್ಡ ನಾರುಗಳು ಸಂದುಗಳನ್ನು ತುಂಬಿ ಮೈ ನುಣುಪಾಗುತ್ತದೆ. ಹಳೆಯ ಪತ್ರಿಕೆಗಳನ್ನು ಬೆರೆಸಲೇಬೇಡಿ. ಮುದ್ರಣದ ಶಾಯಿ ಆಹಾರಕ್ಕೆ ತಾಗಬಾರದು.

ತಟ್ಟೆಯ ಆಕಾರಕ್ಕೆ ಬಗ್ಗಿಸಿದ ಸ್ಟೀಲ್ ಜಾಲರಿಯನ್ನು ತೆಳುವಾದ ನಾರುನೀರಿನಲ್ಲಿ ಮುಳುಗಿಸಿ ಸಮವಾಗಿ ಎತ್ತಿ, ನೀರು ಬಸಿದ ಮೇಲೆ ಹತ್ತಿಬಟ್ಟೆ ಹಾಸಿ, ಅದೇ ಅಳತೆಯ ಬಟ್ಟಲಿನಿಂದ ಬಲವಾಗಿ ಒತ್ತಿ. ಈ ಒತ್ತುವಿಕೆಗೆ ಅವಸರ ಸಲ್ಲದು: ಇಲ್ಲಿ ಹಿಂಡದೆ ಉಳಿದ ಪ್ರತಿ ಹನಿಯನ್ನೂ ಬಿಸಿಲೇ ಒಣಗಿಸಬೇಕಾಗುತ್ತದೆ. ಜಾಲರಿಯ ಸಮೇತ ಕಣದಲ್ಲಿ ಒಣಗಿಸಿ. ಹೂಮಳೆಯ (ಕಾಫಿ ಹೂವರಳಿಸುವ ಬೇಸಿಗೆ ಮಳೆಯ) ದಿನಗಳಲ್ಲಿ ಮಧ್ಯಾಹ್ನದೊಳಗೆ ಒಳಗೆ ತನ್ನಿ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಹೊಗೆಯ ವಾಸನೆ ಹಿಡಿಯುತ್ತದೆ. ಬೆರಳಿನಿಂದ ಬಡಿದಾಗ ಟಣ್ ಎನ್ನದ ತಟ್ಟೆಯನ್ನು ಪೇರಿಸಿದರೆ ಬೂಷ್ಟು ಇಡೀ ಕಟ್ಟಿಗೆ ಹರಡುತ್ತದೆ.

ನೀರು ಹೀರದಿರಲು ಕರಗಿಸಿದ ಶುದ್ಧ ಜೇನುಮೇಣವನ್ನು ತೆಳುವಾಗಿ ಸವರಬಹುದು. ಆದರೆ ಅದು ಸುಮಾರು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ ಬಿಸಿ ಕಡಂಬುಟ್ಟು (ಅಕ್ಕಿತರಿಯ ಉಂಡೆ), ಸಾರುಗಳಿಗೆ ಈ ತಟ್ಟೆ ಹೊಂದುವುದಿಲ್ಲ. ಅಂಥವಕ್ಕೆ ಬಾಳೆಎಲೆಯೇ ಸರಿ. ಆಹಾರದೊಂದಿಗೆ ಮಾರುವ ಉದ್ದೇಶವಿದ್ದರೆ, ಮೊದಲು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಮಾದರಿಗಳನ್ನು ಪರೀಕ್ಷಿಸಿಕೊಳ್ಳಿ.