ಮೊದಲು ಮ್ಯಾಗಜಿನ್, ಆಮೇಲೆ ಪೌಚು

ಸೇನೆಯಿಂದ ರಜೆಗೆ ಊರಿಗೆ ಬಂದ ಹುಡುಗರು ಮೊಬೈಲ್ ಹಿಡಿದುಕೊಂಡು ಬಂದು ‘ಯಾವ ವೆಸ್ಟ್ ಒಳ್ಳೆಯದು, ಎಷ್ಟು ಪೌಚು ಇರಬೇಕು’ ಎಂದು ಕೇಳುತ್ತಾರೆ. ಮ್ಯಾಗಜಿನ್ ಎಂದರೆ ಗುಂಡು ತುಂಬಿ ರೈಫಲ್ಲಿಗೆ ಸಿಕ್ಕಿಸುವ ಡಬ್ಬಿ, ಪೌಚು ಎಂದರೆ ಅದನ್ನು ಇಡುವ ಚೀಲ, ವೆಸ್ಟ್ ಎಂದರೆ ಆ ಪೌಚುಗಳನ್ನು ಹೊತ್ತ, ಎದೆಯ ಮೇಲೆ ತೊಡುವ ಅಂಗಿ. ಚಿತ್ರದಲ್ಲಿ ಎಂಟು ಪೌಚು, ಹತ್ತು ಪೌಚು, ಎದೆ ತುಂಬ ಕ್ಲಿಪ್ಪು. ನಾನು ತಿರುಗಿ ಕೇಳುವುದು ಒಂದೇ: ಕೋತ್‌ನಲ್ಲಿ (ಆಯುಧಗಳನ್ನು ಇಡುವ ಕೋಣೆಯಲ್ಲಿ) ನಿನ್ನ ಹೆಸರಿಗೆ ಇರುವ ರೈಫಲ್ ಯಾವುದು, ಅದರ ಮ್ಯಾಗಜಿನ್ ಯಾವುದು? ಇದಕ್ಕೆ ಉತ್ತರ ಬರುವ ತನಕ ಪೌಚಿನ ಮಾತು ಬೇಡ. ನಾನು ಮದ್ರಾಸ್ ರೆಜಿಮೆಂಟಿನಲ್ಲಿ ಹವಾಲ್ದಾರನಾಗಿ ನಿವೃತ್ತನಾದವನು; ಈಗ ಸಕಲೇಶಪುರದ ಹತ್ತಿರ ಕಾಫಿ ತೋಟ ನೋಡಿಕೊಂಡಿದ್ದೇನೆ. ಕಳೆದ ಮಳೆಗಾಲದಲ್ಲಿ, ರಾಷ್ಟ್ರೀಯ ರೈಫಲ್ಸ್‌ಗೆ (ಕಾಶ್ಮೀರದಲ್ಲಿ ಉಗ್ರರ ವಿರುದ್ಧ ಕೆಲಸ ಮಾಡುವ ಸೇನೆಯ ಪಡೆಗೆ) ಹೊರಟಿದ್ದ ನನ್ನ ಅಕ್ಕನ ಮಗನಿಗೆ ಹಾಸನದಲ್ಲಿ ಒಂದು ವೆಸ್ಟ್ ಹೊಲಿಸಿಕೊಟ್ಟೆ. ಪೌಚುಗಳನ್ನು ಆರಿಸಿದ್ದು ಹೇಗೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ವೆಲ್ಲಿಂಗ್ಟನ್ನಿನಲ್ಲಿ ರಂಗರೂಟನಾಗಿ, ಎಂದರೆ ತರಬೇತಿಯ ಹೊಸ ಸಿಪಾಯಿಯಾಗಿ ಇದ್ದಾಗ ನಮ್ಮ ಕೈಯಲ್ಲಿ ಇದ್ದದ್ದು ಹಳೆಯ ರೈಫಲ್ ಎಸ್‌ಎಲ್‌ಆರ್. 20 ಗುಂಡು ಹಿಡಿಯುವ, ನೆಟ್ಟಗಿನ ಉಕ್ಕಿನ ಮ್ಯಾಗಜಿನ್. ಅದನ್ನು ಇಡಲು ದಪ್ಪ ಹತ್ತಿಯ ಪಟ್ಟಿ, ಪೌಚುಗಳ ವೆಬ್ ಎಕ್ವಿಪ್‌ಮೆಂಟ್. ನೀಲಗಿರಿಯ ಮಳೆಯಲ್ಲಿ ನೆನೆದರೆ ಅದು ಬಿಗಿದುಕೊಂಡು ಪೌಚಿನ ಬಾಯಿಗೆ ಬೆರಳು ಹಾಕುವುದೇ ಕಷ್ಟವಾಗುತ್ತಿತ್ತು, ಒಣಗಲು ಬಿಸಿಲಿಗಾಗಿ ಕಾಯಬೇಕಿತ್ತು. ಆಮೇಲೆ ಇನ್ಸಾಸ್ ರೈಫಲ್ ಬಂತು: 5.56 ಮಿ.ಮೀ.ನ 20 ಗುಂಡು, ಒಳಗೆಷ್ಟು ಉಳಿದಿದೆ ಎಂದು ಹೊರಗಿನಿಂದಲೇ ಕಾಣುವ ಪ್ಲಾಸ್ಟಿಕ್ ಮ್ಯಾಗಜಿನ್, ಹಗುರ. ಕಾಶ್ಮೀರಕ್ಕೆ ಹೋದಾಗ ಕೈಗೆ ಸಿಕ್ಕಿದ್ದು ಎಕೆ ರೈಫಲ್. ಅದರದು 30 ಗುಂಡಿನ ಬಾಗಿದ ಉಕ್ಕಿನ ಮ್ಯಾಗಜಿನ್, ತುಂಬಿದಾಗ ಒಂದೊಂದು 800 ಗ್ರಾಂ ದಾಟುತ್ತದೆ. ಆರು ಇಟ್ಟುಕೊಂಡರೆ ಐದು ಕೆಜಿ ಎದೆಯ ಮೇಲೆ. ಕೆಳಗೆ ಹತ್ತು ಕೆಜಿಯ ಆಸುಪಾಸಿನ ಬುಲೆಟ್‌ಪ್ರೂಫ್ ಜಾಕೆಟ್ ಬೇರೆ. ನೆಟ್ಟಗಿನ ಮ್ಯಾಗಜಿನ್ನಿಗೆ ಹೊಲಿದ ಪೌಚಿನಲ್ಲಿ ಎಕೆಯದನ್ನು ತುರುಕಿದರೆ ಹೋಗುತ್ತದೆ, ಆದರೆ ಎಳೆಯುವಾಗ ಬಾಗಿದ ಬೆನ್ನು ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಎಕೆ ಪೌಚಿನಲ್ಲಿ ಇನ್ಸಾಸ್ ಮ್ಯಾಗಜಿನ್ ಇಟ್ಟರೆ ತಳಕ್ಕೆ ಕುಸಿದು ಕುಳಿತು ಬೆರಳಿಗೆ ಸಿಗುವುದಿಲ್ಲ. ‘ಎಲ್ಲಕ್ಕೂ ಹೊಂದುವ ಪೌಚು’ ಎಂದು ಮಾರುವವರನ್ನು ನಾನು ನಂಬುವುದಿಲ್ಲ.

ತೊಂದರೆ ಏನೆಂದರೆ ಮ್ಯಾಗಜಿನ್ನನ್ನು ರಜೆಯಲ್ಲಿ ಮನೆಗೆ ತರುವಂತಿಲ್ಲ. ಅಳತೆ ನೋಡದೆ ಹೊಲಿಸುವಂತೆಯೂ ಇಲ್ಲ. ಅದಕ್ಕೆ ನಮ್ಮ ಊರಿನ ಬಡಗಿಯಿಂದ ಸಿಲ್ವರ್ ಓಕ್ ಮರದಲ್ಲಿ ಎಕೆ ಮ್ಯಾಗಜಿನ್ನಿನ ಆಕಾರದ ತುಂಡುಗಳನ್ನು ಮಾಡಿಸಿದೆ. ಮೂರು ಇಂಚಿನಷ್ಟು ಅಗಲ, ಒಂದು ಇಂಚಿಗೆ ತುಸು ಹೆಚ್ಚು ದಪ್ಪ. ಬಾಗು ಎಷ್ಟಿರಬೇಕು ಎಂಬುದನ್ನು ರಟ್ಟಿನ ಮೇಲೆ ಗೆರೆ ಹಾಕಿ ತೋರಿಸಿದೆ. ಆ ಬಾಗು ನನ್ನ ಅಂಗೈಗೆ ಇನ್ನೂ ನೆನಪಿದೆ. ಉಕ್ಕಿನ ಮೈ ಮೇಲೆ ಉಬ್ಬಿದ ಗೆರೆಗಳಿರುತ್ತವಲ್ಲ, ಅವು ಬಟ್ಟೆಗೆ ತಾಗಿ ತಡೆಯುತ್ತವೆ, ಆದ್ದರಿಂದ ಮರದ ಮೇಲೂ ಉಳಿಯಿಂದ ಏಣು ತೆಗೆಸಿದೆ. ನಡುವೆ ತೂತು ಕೊರೆದು ಸೀಸದ ತುಂಡು ಹಾಕಿ ತೂಕ ಸರಿಮಾಡಿದೆವು. ಬಡಗಿ ‘ಇದೇನು ಮಕ್ಕಳ ಆಟಿಕೆಯಾ’ ಎಂದು ನಕ್ಕ. ನಗಲಿ, ತೂಕವಿಲ್ಲದ ತುಂಡಿನಲ್ಲಿ ಪೌಚು ಪರೀಕ್ಷಿಸುವುದು ಖಾಲಿ ಬಿಂದಿಗೆ ಹೊತ್ತು ನಡಿಗೆ ಕಲಿತಂತೆ.

ಹಾಸನದ ಬಿ.ಎಂ. ರಸ್ತೆಯಲ್ಲಿ ಕಾರಿನ ಸೀಟ್ ಕವರ್ ಹೊಲಿಯುವ ಅಂಗಡಿಯೊಂದಿದೆ. ದಪ್ಪ ಬಟ್ಟೆ ಎಳೆಯುವ ಯಂತ್ರ ಅವರ ಹತ್ತಿರ ಇರುವುದರಿಂದ ಅಲ್ಲಿಗೇ ಹೋದೆವು. ಮುಂದೊಂದು ದಿನ ಪೌಚು ಬದಲಿಸುವಂತಿರಬೇಕು ಎಂದು ನಾನು ಆರಿಸಿದ್ದು ಪಟ್ಟಿಗಳ ಸಾಲಿನ ವಿಧಾನ, ಅಮೆರಿಕದ ಸೇನೆ 1990ರ ದಶಕದ ಕೊನೆಯಲ್ಲಿ ಬಳಕೆಗೆ ತಂದು ಈಗ ಎಲ್ಲೆಡೆ ಹಬ್ಬಿರುವಂಥದ್ದು. 25 ಮಿ.ಮೀ. ಅಗಲದ ಪಟ್ಟಿ, 25 ಮಿ.ಮೀ. ಬಿಡುವು, ಮತ್ತೆ ಪಟ್ಟಿ. ಪ್ರತಿ 38 ಮಿ.ಮೀ.ಗೆ ಒಂದು ಗಟ್ಟಿ ಅಡ್ಡ ಹೊಲಿಗೆ. ಪೌಚಿನ ಬೆನ್ನಿಗೂ ಅದೇ ಅಳತೆಯ ಸಾಲು. ಪೌಚಿನ ಬೆನ್ನಿನಿಂದ ಇಳಿಬಿದ್ದ ಬಾಲಪಟ್ಟಿಯನ್ನು ವೆಸ್ಟಿನ ಒಂದು ಸಾಲು, ಪೌಚಿನ ಒಂದು ಸಾಲು ಎಂದು ಹೆಣೆಯುತ್ತ ಇಳಿಸಿದರೆ ಎರಡೂ ಒಂದೇ ತುಂಡಾಗಿ ಕೂರುತ್ತವೆ. ಅಂಗಡಿಯ ಭಾಯಿ ‘ಮಿಲಿಟರಿ ಅಣ್ಣ, ಸೀಟ್ ಬೆಲ್ಟ್ ಪಟ್ಟಿ ಹಾಕುತ್ತೇನೆ, ಆನೆ ಎಳೆದರೂ ಕಿತ್ತುಬರುವುದಿಲ್ಲ’ ಎಂದರು. ಗಟ್ಟಿ ನಿಜ, ಆದರೆ ಅದರ ಅಗಲ ಸುಮಾರು ಎರಡು ಇಂಚು, ಜೊತೆಗೆ ನುಣುಪು. ಭುಜಕ್ಕೆ ಅದನ್ನು ಒಪ್ಪಿಕೊಂಡೆ, ಸಾಲುಗಳಿಗೆ ಬೇಡವೆಂದೆ. ಹೆಣಿಗೆಯಲ್ಲಿ ಸಡಿಲ ಉಳಿದರೆ ಓಡುವಾಗ ಪೌಚು ಹೊಟ್ಟೆಗೆ ಗುದ್ದುತ್ತಲೇ ಇರುತ್ತದೆ. ಭಾಯಿ ಸ್ಕೇಲ್ ಇಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಪ್ರತಿ ಅಡ್ಡ ಹೊಲಿಗೆಯ ಮೇಲೂ ಸೂಜಿಯನ್ನು ಹಿಂದೆ ಮುಂದೆ ಓಡಿಸಿದರು. ಹತ್ತಿ ದಾರ ಮುಟ್ಟಲು ಬಿಡಲಿಲ್ಲ, ಎಲ್ಲವೂ ನೈಲಾನ್ ದಾರ.

ಬಟ್ಟೆಯ ವಿಷಯ ಬೇಗ ಮುಗಿಸುತ್ತೇನೆ. ಡೆನಿಯರ್ ಎಂದರೆ 9000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. 1000 ಡೆನಿಯರ್ ನೈಲಾನ್ ಹೆಚ್ಚು ಬಾಳುತ್ತದೆ, ಆದರೆ ಪೌಚಿನ ಬಾಯಿ ಬಿರುಸಾಗುತ್ತದೆ, ಒದ್ದೆಯಾದರೆ ತೂಕವೂ ಹೆಚ್ಚು. ಪೌಚಿಗೆ 500 ಸಾಕು, ನೆಲಕ್ಕೆ ಉಜ್ಜುವ ತಳಕ್ಕೆ ಮಾತ್ರ ಎರಡು ಪದರ. ರೆಕ್ಸಿನ್ ಬೇಡ, ಟಾರ್ಪಾಲಿನ್ನೂ ಬೇಡ. ಎರಡೂ ಮೈ ಆಡಿಸಿದರೆ ಸದ್ದು ಮಾಡುತ್ತವೆ. ಬಣ್ಣ ಸಾದಾ ಆಲಿವ್ ಹಸಿರು. 2022ರ ಜನವರಿ 15ರ ಸೇನಾ ದಿನದಂದು ತೋರಿಸಿದ ಹೊಸ ಸಮವಸ್ತ್ರದ ವಿನ್ಯಾಸ ಪೇಟೆಯಲ್ಲಿ ಮಾರುವಂಥದ್ದಲ್ಲ, ಅದನ್ನು ಹುಡುಕುವ ಗೋಜಿಗೇ ಹೋಗಲಿಲ್ಲ.

ನಿಜವಾದ ತಕರಾರು ಇರುವುದು ಪೌಚಿನ ಬಾಯಿಯಲ್ಲಿ. ಅಳಿಯನಿಗೆ ಬೇಕಾಗಿದ್ದು ಮುಚ್ಚಳವಿಲ್ಲದ, ರಬ್ಬರ್ ದಾರ ಮಾತ್ರ ಬಿಗಿದಿರುವ ಪೌಚು. ನೋಡಲು ಚೆಂದ, ಎಳೆದರೆ ಕ್ಷಣದಲ್ಲಿ ಕೈಗೆ ಬರುತ್ತದೆ. ಗಾಡಿಯಿಂದ ಇಳಿದು ಮನೆಯೊಳಗೆ ನುಗ್ಗುವ ಕೆಲಸಕ್ಕೆ ಅದೇ ಸರಿ. ಆದರೆ ಮೆಕ್ಕೆಜೋಳದ ಹೊಲ, ದೇವದಾರು ಕಾಡು, ಹಿಮ ಇರುವ ಕಡೆ ಹೊಟ್ಟೆಯ ಮೇಲೆ ತೆವಳುವವನಿಗೆ? ವೆಲ್ಕ್ರೋ ಇನ್ನೊಂದು. ರಾತ್ರಿ ಹೊಂಚು ಹಾಕಿ ಕುಳಿತಾಗ ಅದನ್ನು ಬಿಡಿಸುವ ಸದ್ದು ಪಕ್ಕದ ಗುಡ್ಡಕ್ಕೂ ಕೇಳಿಸುತ್ತದೆ, ಅದರ ಕೊಕ್ಕೆಗಳಲ್ಲಿ ಹುಲ್ಲಿನ ಬೀಜ, ಕೆಸರು ತುಂಬಿಕೊಂಡರೆ ಹಿಡಿತವೂ ಹೋಗುತ್ತದೆ. ಒತ್ತು ಗುಂಡಿ ಸದ್ದು ಕಡಿಮೆ, ಆದರೆ ಕೈಗವಸು ಹಾಕಿದ ಬೆರಳಿಗೆ ಮುಚ್ಚುವುದು ಕಷ್ಟ. ಪ್ಲಾಸ್ಟಿಕ್ ಕ್ಲಿಪ್ಪು ಕೈಗವಸಿಗೂ ಸಿಗುತ್ತದೆ, ತೆರೆಯಲು ಒಂದೇ ಕೈ ಸಾಕು. ಶಾಲಾ ಚೀಲದ ಕ್ಲಿಪ್ಪು ಮಾತ್ರ ಬೇಡ, ಚಳಿಗೆ ಸೀಳುತ್ತದೆ.

ಮಾತಿನಲ್ಲಿ ತೀರುವ ವಿಷಯವಲ್ಲ ಎಂದು ಎರಡು ಬಗೆಯ ಪೌಚುಗಳನ್ನೂ ಹೊಲಿಸಿ, ಮರದ ತುಂಡು ತುಂಬಿ, ಅಳಿಯನಿಗೆ ವೆಸ್ಟ್ ತೊಡಿಸಿ ತೋಟಕ್ಕೆ ಇಳಿಸಿದೆ. ಆಷಾಢದ ಮಳೆ ಹಿಡಿದಿತ್ತು. ರೊಬಸ್ಟಾ ಗಿಡಗಳ ಅಡಿಯಲ್ಲಿ ಮೊಣಕೈ ಊರಿ ತೆವಳಿಸಿದೆ. ಕೆಂಪು ಕೆಸರು, ಉದುರಿದ ಎಲೆ, ಜೊತೆಗೆ ಇಂಬಳದ ಕಾಟ. ಕೆಳಗಿನ ಚರಂಡಿಯ ತನಕ ಹೋಗಿ ಎದ್ದು ನಿಂತಾಗ ತೆರೆದ ಪೌಚಿನ ಬಾಯಿಗೆ ಒಂದು ಹಿಡಿ ಕೆಸರು ಮೆತ್ತಿತ್ತು, ಒಂದು ತುಂಡು ಅರ್ಧ ಹೊರಬಂದಿತ್ತು. ತುಂಡನ್ನು ಎಳೆದಾಗ ಅದರ ಜೊತೆ ಕೊಳೆತ ಎಲೆಯೊಂದು ಅಂಟಿಕೊಂಡು ಬಂತು. ‘ಮಾವ, ಇದನ್ನು ರೈಫಲ್ಲಿಗೆ ಹಾಕಿದ್ದರೆ?’ ಎಂದ. ನಾನು ಉತ್ತರಿಸಲಿಲ್ಲ. ಮುಚ್ಚಳದ ಪೌಚಿನಲ್ಲಿ ನೀರು ಇಳಿದಿತ್ತು, ತಳದಲ್ಲಿ ಹಾಕಿಸಿದ್ದ ಐಲೆಟ್ ತೂತಿನಿಂದ ಸೋರಿಯೂ ಹೋಗಿತ್ತು.

ಕೊನೆಗೆ ಆದ ಒಪ್ಪಂದ ಹೀಗೆ: ಐದು ಪೌಚುಗಳಲ್ಲಿ ನಾಲ್ಕಕ್ಕೆ ಕ್ಲಿಪ್ಪಿನ ಮುಚ್ಚಳ, ಎಡಪಕ್ಕೆಯ ಹತ್ತಿರದ ಒಂದಕ್ಕೆ ಮಾತ್ರ ಮುಚ್ಚಳ ಹಿಂದಕ್ಕೆ ಮಡಚಿ ರಬ್ಬರ್ ದಾರದಿಂದ ಹಿಡಿಯುವ ಅನುಕೂಲ. ರೈಫಲ್ಲಿನದು ಖಾಲಿಯಾದಾಗ ಮೊದಲು ಕೈ ಹೋಗುವುದು ಅಲ್ಲಿಗೇ. ಬಲಗೈ ಹಿಡಿಕೆ ಬಿಡುವುದಿಲ್ಲ, ಮ್ಯಾಗಜಿನ್ ತೆಗೆಯುವ ಕೆಲಸ ಎಡಗೈಯದು. ಆದ್ದರಿಂದ ಹೆಚ್ಚಿನವು ಎಡಕ್ಕೆ, ಪಕ್ಕೆಲುಬಿನ ಕಡೆಗೆ. ಹೊಟ್ಟೆಯ ನಡುವೆ ಎರಡು ಪದರ ಪೌಚು ಪೇರಿಸಿದವನನ್ನು ನೆಲಕ್ಕೆ ಮಲಗಿಸಿ ನೋಡಿ: ಎದೆ ಮೂರು ಇಂಚು ಮೇಲೆ, ತಲೆಯೂ ಅಷ್ಟೇ ಮೇಲೆ. ಹಾಗೆಂದು ತೀರಾ ಬೆನ್ನಿನ ಕಡೆ ತಳ್ಳಿದರೆ ಗಾಡಿಯಲ್ಲಿ ಕುಳಿತಾಗ ಕೈ ಎಟುಕುವುದಿಲ್ಲ. ಪ್ರಥಮ ಚಿಕಿತ್ಸೆಯ ಪೌಚು ಎರಡೂ ಕೈಗೆ ಸಿಗುವ ಕಡೆ ಇರಬೇಕು; ಯಾವ ಕೈಗೆ ಗುಂಡು ಬೀಳುತ್ತದೆ ಎಂದು ಮೊದಲೇ ಯಾರೂ ಹೇಳುವುದಿಲ್ಲ.

ಇಡುವ ರೀತಿಯೂ ಪೌಚಿನಷ್ಟೇ ಮುಖ್ಯ. ಗುಂಡು ಕಾಣುವ ಬಾಯಿ ಕೆಳಗೆ, ತಳ ಮೇಲೆ. ಹಾಗಿಟ್ಟರೆ ಮಳೆಯೂ ಮಣ್ಣೂ ಗುಂಡಿಗೆ ನೇರ ಬೀಳುವುದಿಲ್ಲ. ಎಕೆ ಮ್ಯಾಗಜಿನ್ನಿನ ಮುಂದಿನ ತುದಿಯನ್ನು ಮೊದಲು ಸಿಕ್ಕಿಸಿ ಆಮೇಲೆ ಹಿಂದಕ್ಕೆ ತಿರುಗಿಸಿ ಕೂರಿಸಬೇಕು. ಕತ್ತಲಲ್ಲಿ ಅದನ್ನು ಕೈಯಲ್ಲಿ ತಿರುವಿ ನೋಡುವ ವ್ಯವಧಾನ ಇರುವುದಿಲ್ಲ, ಎಲ್ಲದರ ಬಾಗೂ ಒಂದೇ ದಿಕ್ಕಿಗಿರಲಿ. ಒಂದೇ ಪೌಚಿನಲ್ಲಿ ಎರಡು ಉಕ್ಕಿನ ಮ್ಯಾಗಜಿನ್ ಇಟ್ಟರೆ ಟಣ್ ಟಣ್ ಸದ್ದು ತಪ್ಪದು, ಆದ್ದರಿಂದ ಒಂದಕ್ಕೆ ಒಂದು ಪೌಚು. ಗಸ್ತಿಗೆ ಹೊರಡುವ ಮುನ್ನ ನಮ್ಮನ್ನು ನಿಂತಲ್ಲೇ ಜಿಗಿಸುತ್ತಿದ್ದರು. ಮೈಮೇಲೆ ಏನಾದರೂ ಸದ್ದಾದರೆ ಆ ಸಾಲು ಮುಂದಕ್ಕೆ ಹೋಗುತ್ತಿರಲಿಲ್ಲ.

ವಿದೇಶದ ವಿಡಿಯೊಗಳಲ್ಲಿ ಖಾಲಿ ಮ್ಯಾಗಜಿನ್ನನ್ನು ನೆಲಕ್ಕೆ ಬಿಸಾಡುವುದನ್ನು ಹುಡುಗರು ಕಣ್ಣರಳಿಸಿ ನೋಡುತ್ತಾರೆ. ನಮ್ಮಲ್ಲಿ ವಾಪಸು ಬಂದ ಮೇಲೆ ಕೋತ್‌ನಲ್ಲಿ ಒಂದೊಂದನ್ನೂ ಎಣಿಸಿ ಒಪ್ಪಿಸಬೇಕು. ಅದಕ್ಕೆ ಎಡ ಸೊಂಟದ ಹಿಂದೆ, ಮಡಚಿದರೆ ಅಂಗೈಯಷ್ಟಾಗುವ ತೆರೆದ ಚೀಲವೊಂದನ್ನು ಹಾಕಿಸಿದೆ. ಖಾಲಿಯನ್ನು ತಿರುಗಿ ಪೌಚಿಗೆ ಸೇರಿಸಿದರೆ ತುಂಬಿದ್ದು ಯಾವುದು, ಖಾಲಿ ಯಾವುದು ಎಂಬ ಗೊಂದಲ ಶುರುವಾಗುತ್ತದೆ.

ಅಳಿಯ ಅದನ್ನು ಹೊತ್ತುಕೊಂಡು ಹೋಗಿದ್ದಾನೆ. ಅಲ್ಲಿ ಸುಬೇದಾರ್ ಸಾಹೇಬರು ನೋಡಿ ಒಪ್ಪಬೇಕು. ಸೇನೆ ಕೊಟ್ಟದ್ದೇ ತೊಡಬೇಕು ಎಂದರೆ ಅದೇ ಸರಿ, ಎದುರುತ್ತರ ಕೊಡಬೇಡ ಎಂದು ಹೇಳಿ ಕಳಿಸಿದ್ದೇನೆ. ಅಮೇಠಿಯ ಕೊರವಾದಲ್ಲಿ ತಯಾರಾಗುವ ಎಕೆ-203ಕ್ಕೂ ಗುಂಡು 7.62×39 (ಮಿ.ಮೀ.ನಲ್ಲಿ ಗುಂಡಿನ ದಪ್ಪ, ತೋಟಾ ಕವಚದ ಉದ್ದ), ಮ್ಯಾಗಜಿನ್ 30ರದು, ಹಾಗಾಗಿ ಈ ಪೌಚಿಗೆ ಕೆಲಸವಿದೆ. ಸಿಗ್ 716 ರೈಫಲ್ ಕೊಟ್ಟರೆ ಮಾತ್ರ ಬೇರೆ. ಅದರ ಗುಂಡು 7.62×51, ಉದ್ದ ಹೆಚ್ಚು. ಮ್ಯಾಗಜಿನ್ 20ರದು, ನೆಟ್ಟಗಿನದು. ಆಗ ಬಡಗಿಯ ಹತ್ತಿರ ಹೊಸ ತುಂಡು ಮಾಡಿಸಬೇಕು. ಭಾಯಿ ಸಾಲುಗಳನ್ನು ಅಳತೆ ತಪ್ಪದಂತೆ ಹೊಲಿದಿರುವುದರಿಂದ ವೆಸ್ಟ್ ಬಿಚ್ಚಬೇಕಾಗಿಲ್ಲ, ಪೌಚು ಬದಲಿಸಿದರೆ ಆಯಿತು.