ಕಾರ್ಬನ್ ಸತ್ತಿದ್ದು ಗೇಜಿಗೆ ಗೊತ್ತಾಗುವುದಿಲ್ಲ

ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯಲ್ಲಿ ನೀರಿನ ಪ್ಲಾಂಟ್ ನೋಡಿಕೊಳ್ಳುವುದು ನನ್ನ ಕೆಲಸ. ಗಂಟೆಗೆ 8 ಸಾವಿರ ಲೀಟರ್ ನೀರು ಮೊದಲು ಸ್ಯಾಂಡ್ ಫಿಲ್ಟರ್, ಆಮೇಲೆ ಕಾರ್ಬನ್ ಫಿಲ್ಟರ್ ದಾಟಿ ಆರ್‌ಒಗೆ ಹೋಗುತ್ತದೆ. ಕಾರ್ಬನ್ ತುಂಬಿದ ವೆಸೆಲ್, ಅಂದರೆ ಟ್ಯಾಂಕು, ಒಂದು ಮೀಟರ್ ಅಗಲ. ಒಳಗೆ ಒಂದು ಮೀಟರ್ ಎತ್ತರಕ್ಕೆ ತೆಂಗಿನ ಚಿಪ್ಪಿನ ಕಾರ್ಬನ್, ಸುಮಾರು 400 ಕಿಲೋ. ನೀರಿನಲ್ಲಿರುವ ಕ್ಲೋರಿನ್ ತೆಗೆಯುವುದು ಅದರ ಮುಖ್ಯ ಕೆಲಸ. ಕ್ಲೋರಿನ್ ಉಳಿದರೆ ಉಪ್ಪನ್ನು ತಡೆಯುವ ತೆಳು ಪೊರೆ, ಅಂದರೆ ಆರ್‌ಒ ಮೆಂಬ್ರೇನ್, ಉಳಿಯುವುದಿಲ್ಲ.

2024ರ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಕೈಕೊಟ್ಟಿತು. ಪೂರ್ತಿ ಟ್ಯಾಂಕರ್ ನೀರು. ಯಾವ ಟ್ಯಾಂಕರ್ ಎಲ್ಲಿ ತುಂಬಿಸಿಕೊಂಡು ಬಂತೋ ಗೊತ್ತಿಲ್ಲದ್ದರಿಂದ ಸಂಪಿಗೆ ಹೈಪೋ (ಕ್ಲೋರಿನ್ ದ್ರಾವಣ) ಜಾಸ್ತಿ ಹಾಕುತ್ತಿದ್ದೆವು. ಎರಡು ತಿಂಗಳಾದ ಮೇಲೆ ಆರ್‌ಒದಿಂದ ಒಳ್ಳೆಯ ನೀರು ಮೊದಲಿಗಿಂತ ಹೆಚ್ಚು ಬರತೊಡಗಿತು. ಶಿಫ್ಟಿನವರಿಗೆಲ್ಲ ಸಮಾಧಾನವಾಯಿತು. ನನಗೆ ಎದೆ ಧಸಕ್ಕೆಂದಿತು. ಮೆಂಬ್ರೇನ್ ಕಟ್ಟಿಕೊಂಡರೆ ನೀರು ಕಡಿಮೆಯಾಗುತ್ತದೆ. ಕ್ಲೋರಿನ್ ಅದನ್ನು ತಿಂದರೆ ನೀರೂ ಜಾಸ್ತಿ ಬರುತ್ತದೆ, ಜೊತೆಗೆ ಉಪ್ಪೂ ನುಸುಳುತ್ತದೆ. ನೀರಿನಲ್ಲಿ ಕರಗಿದ ಉಪ್ಪು ಅಳೆಯುವ ಟಿಡಿಎಸ್ ಮೀಟರ್ ಹಿಡಿದು ನೋಡಿದರೆ ಏರಿತ್ತು.

ಲಾಗ್ ಪುಸ್ತಕ ತೆಗೆದರೆ ಎಲ್ಲ ಸರಿಯಾಗಿತ್ತು. ದಿನಾ ಬ್ಯಾಕ್‌ವಾಶ್ (ಕೆಳಗಿಂದ ಮೇಲಕ್ಕೆ ನೀರು ಬಿಟ್ಟು ತೊಳೆಯುವುದು) ಆಗಿದೆ. ಕಾರ್ಬನ್ ಫಿಲ್ಟರಿಗೆ ನೀರು ಹೋಗುವಲ್ಲಿಗೂ ಬರುವಲ್ಲಿಗೂ ಪ್ರೆಶರ್ ವ್ಯತ್ಯಾಸ ಚದರ ಸೆಂಟಿಮೀಟರಿಗೆ 0.3 ಕಿಲೋ, ಆರು ತಿಂಗಳಿಂದ ಅಷ್ಟೇ. ಔಟ್‌ಲೆಟ್ ನಲ್ಲಿಯಿಂದ ಟೆಸ್ಟ್ ಟ್ಯೂಬಿಗೆ ನೀರು ಹಿಡಿದು ಕ್ಲೋರಿನ್ ಕಿಟ್ಟಿನ ದ್ರವ ಐದು ಹನಿ ಬಿಟ್ಟು ಬಿಳಿ ಹಾಳೆ ಎದುರಿಟ್ಟೆ. ನೋಡುತ್ತಿದ್ದಂತೆ ಹಳದಿಗೆ ತಿರುಗಿತು, ಅಂದರೆ ಕ್ಲೋರಿನ್ ದಾಟಿ ಬರುತ್ತಿದೆ. ಪ್ರೆಶರ್ ಗೇಜ್ ಹೇಳುವುದು ಕಸ ಕಟ್ಟಿದೆಯೋ ಇಲ್ಲವೋ ಎಂಬುದನ್ನು ಮಾತ್ರ. ಕಾರ್ಬನ್‌ನ ಶಕ್ತಿ ಮುಗಿದದ್ದು ಅದಕ್ಕೆ ಕಾಣುವುದಿಲ್ಲ. ಬ್ಯಾಕ್‌ವಾಶ್‌ನಿಂದ ಕೊಳೆ ಹೋಗುತ್ತದೆಯೇ ಹೊರತು ಹೋದ ಶಕ್ತಿ ವಾಪಸ್ ಬರುವುದಿಲ್ಲ.

ನಾವು ಮಾಡುತ್ತಿದ್ದ ಬ್ಯಾಕ್‌ವಾಶೂ ಬ್ಯಾಕ್‌ವಾಶ್ ಆಗಿರಲಿಲ್ಲ. ಫೀಡ್ ಪಂಪಿನಲ್ಲೇ ಹಿಮ್ಮುಖವಾಗಿ ನೀರು ಬಿಡುತ್ತಿದ್ದೆವು. ಗಂಟೆಗೆ 8 ಸಾವಿರ ಲೀಟರಿಗೆ ಈ ಅಗಲದ ಕಾರ್ಬನ್ ಮೇಲೇಳುವುದೇ ಇಲ್ಲ. ಹರಳುಗಳು ಸಡಿಲವಾಗಿ ಕಾಲು ಭಾಗಕ್ಕಿಂತ ಹೆಚ್ಚು ಉಬ್ಬಬೇಕು, ಅದಕ್ಕೆ ಗಂಟೆಗೆ 20 ಸಾವಿರದಷ್ಟಾದರೂ ಬೇಕು. ಉಬ್ಬದಿದ್ದರೆ ನೀರು ತನ್ನ ದಾರಿ ಮಾಡಿಕೊಂಡು ಆ ದಾರಿಯಲ್ಲೇ ಓಡುತ್ತದೆ, ಅಕ್ಕಪಕ್ಕದ ಕಾರ್ಬನ್ ಸುಮ್ಮನೆ ಕೂತಿರುತ್ತದೆ. ಈಗ ಅದಕ್ಕೇ ಬೇರೆ ಪಂಪ್ ಹಾಕಿಸಿದ್ದೇವೆ. ವಾಲ್ವನ್ನು ನಿಧಾನವಾಗಿ ತೆರೆಯಬೇಕು, ಒಮ್ಮೆಲೇ ಎಳೆದರೆ ಕಾರ್ಬನ್ನೇ ಡ್ರೈನಿಗೆ ಹೋಗುತ್ತದೆ.

ಹೊಸ ಕಾರ್ಬನ್ ಬರುವವರೆಗೆ ಕ್ಲೋರಿನ್ ಕಳೆಯುವ ಎಸ್‌ಎಂಬಿಎಸ್ (ಸೋಡಿಯಂ ಮೆಟಾಬೈಸಲ್ಫೈಟ್) ಡೋಸ್ ಮಾಡಿ ಮೆಂಬ್ರೇನ್ ಇನ್ನಷ್ಟು ಹಾಳಾಗದಂತೆ ಕಾಪಾಡಿದೆ. ಖರೀದಿ ವಿಭಾಗದವರು ಅಗ್ಗದ ಚೀಲ ತೋರಿಸಿದಾಗ ಒಪ್ಪಲಿಲ್ಲ. ಕಾರ್ಬನ್ ಎಷ್ಟು ಹೀರಬಲ್ಲದು ಎಂದು ಹೇಳುವ ಅಯೋಡಿನ್ ನಂಬರ್ 900ಕ್ಕಿಂತ ಮೇಲಿರುವ ಟೆಸ್ಟ್ ರಿಪೋರ್ಟ್ ಕೈಗೆ ಬಂದ ಮೇಲೇ 25 ಕಿಲೋದ 16 ಚೀಲ ತರಿಸಿದೆ.

ಬದಲಾಯಿಸುವ ದಿನದ ಮಾತನ್ನು ಒತ್ತಿ ಹೇಳಬೇಕು. ಕೈ ಹೋಗುವಷ್ಟು ಅಗಲದ ಕೆಳಗಿನ ಹ್ಯಾಂಡ್‌ಹೋಲ್‌ನಿಂದ ಹಳೆಯದನ್ನು ಪೈಪಿನ ನೀರಿನಲ್ಲಿ ತೊಳೆದು ತೆಗೆದಿದ್ದೆವು. ತಳದಲ್ಲಿ ಸ್ವಲ್ಪ ಉಳಿದಿತ್ತು. ಹೆಲ್ಪರ್ ಹುಡುಗ ಏಣಿ ಮೇಲಿಂದ ಕೇಳಿದ: "ಅಣ್ಣಾ, ಒಳಗಿಳಿದು ಬಾಚಿಬಿಡ್ಲಾ? ಎರಡು ನಿಮಿಷ ಅಷ್ಟೇ."

"ಕಾಲಿಡಬೇಡ, ಕೆಳಗೆ ಬಾ" ಅಂದೆ. ಒದ್ದೆ ಕಾರ್ಬನ್ ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಮುಚ್ಚಿದ ವೆಸೆಲಿನಲ್ಲಿ ವಾಸನೆಯಿಲ್ಲ, ಹೊಗೆಯಿಲ್ಲ, ಇಳಿದವನಿಗೆ ಸುಳಿವೇ ಸಿಗದೆ ಪ್ರಜ್ಞೆ ತಪ್ಪುತ್ತದೆ. ಗ್ಯಾಸ್ ಮೀಟರನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟೆವು. ಆಮ್ಲಜನಕ ಶೇ. 20.9 ಇರಬೇಕಾದಲ್ಲಿ 17 ತೋರಿಸಿ ಕಿರುಚಿಕೊಂಡಿತು. ಹುಡುಗ ಮೀಟರನ್ನೂ ನನ್ನ ಮುಖವನ್ನೂ ನೋಡುತ್ತ ನಿಂತ. ರಾತ್ರಿಯಿಡೀ ಬ್ಲೋವರ್ ಹಾಕಿ, ಬೆಳಿಗ್ಗೆ ಮತ್ತೆ ಅಳೆದು, ಒಳಗಿಳಿಯುವ ಪರ್ಮಿಟ್ ಬರೆದು, ಸೊಂಟಕ್ಕೆ ಬೆಲ್ಟ್ ಕಟ್ಟಿ, ಮೇಲೊಬ್ಬನನ್ನು ನಿಲ್ಲಿಸಿ, ಬ್ಲೋವರ್ ಓಡುತ್ತಿರುವಾಗಲೇ ಇಳಿಸಿದೆ.

ಹೊಸದನ್ನು ತುಂಬಿ ಒಂದು ದಿನ ಪೂರ್ತಿ ನೀರಿನಲ್ಲಿ ನೆನೆಸಿದೆವು. ನೆನೆಯದಿದ್ದರೆ ಹರಳಿನೊಳಗೆ ಗಾಳಿ ಉಳಿದು ಬ್ಯಾಕ್‌ವಾಶ್‌ನಲ್ಲಿ ತೇಲಿ ಹೋಗುತ್ತದೆ. ಆಮೇಲೆ ಕಪ್ಪು ನೀರು ನಿಂತು ತಿಳಿಯಾಗುವವರೆಗೆ ಡ್ರೈನಿಗೇ ಬಿಟ್ಟೆವು.

ಆಯುಧ ಪೂಜೆಗೆ ವೆಸೆಲಿಗೆ ಚೆಂಡು ಹೂವಿನ ಹಾರ ಹಾಕಿ ನಾಲ್ಕು ದಿನ ರಜೆ ಹೋಗುತ್ತೇವಲ್ಲ, ಆಗಲೂ ಎಚ್ಚರ ಬೇಕು. ಕ್ಲೋರಿನ್ ಇಲ್ಲದ ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಬಂದ ದಿನ ಮೊದಲು ಬ್ಯಾಕ್‌ವಾಶ್, ರಿನ್ಸ್, ಆಮೇಲೇ ಆರ್‌ಒ.

ಈಗ ವೆಸೆಲಿನ ನಡುಮಟ್ಟದಲ್ಲೂ ಸ್ಯಾಂಪಲ್ ಹಿಡಿಯಲು ಒಂದು ನಲ್ಲಿ ಕೂರಿಸಿದ್ದೇನೆ. ಮೇಲಿನ ಕಾರ್ಬನ್ ಮೊದಲು ಸೋಲುತ್ತದೆ, ಅದು ಅಲ್ಲೇ ಗೊತ್ತಾಗುತ್ತದೆ. ಪ್ರತಿ ಶಿಫ್ಟಿನಲ್ಲೂ ಎರಡೂ ನಲ್ಲಿಗಳ ಬಣ್ಣ ಬರೆಯಬೇಕು. ಕಳೆದ ವಾರ ನಡುವಿನದು ತೆಳು ಹಳದಿ ಬಂತು, ಕೆಳಗಿನದು ಇನ್ನೂ ತಿಳಿಯಾಗಿದೆ. 16 ಚೀಲಕ್ಕೆ ಇಂಡೆಂಟ್ (ಖರೀದಿ ಬೇಡಿಕೆ) ಹಾಕಿದ್ದೇನೆ.