ತಟ್ಟೆಯ ಆಹಾರದ ಪರಿಸರ ಭಾರವನ್ನು ಲೆಕ್ಕ ಹಾಕುವುದು ಹೇಗೆ?

ಯಾವ ಆಹಾರ ಪರಿಸರಕ್ಕೆ ಹಗುರ ಎಂಬ ಚರ್ಚೆ ಎದ್ದೊಡನೆ ಹೆಚ್ಚಿನವರು ಅದು ಎಷ್ಟು ದೂರದಿಂದ ಬಂದಿದೆ ಎಂದಷ್ಟೇ ವಿಚಾರಿಸಿ ತೀರ್ಪು ಕೊಟ್ಟುಬಿಡುವುದನ್ನು ಹಲವು ಬಾರಿ ನೋಡಿದ್ದೇನೆ. ಸರಿಯಾದ ಲೆಕ್ಕಕ್ಕೆ ಒಂದು ನೋಟ್‌ಬುಕ್ಕು, ಒಂದು ತಕ್ಕಡಿ ಮತ್ತು ಒಂದು ವಾರದ ತಾಳ್ಮೆ ಬೇಕು.

ಮೊದಲಿಗೆ, ವಾರವಿಡೀ ಮನೆಗೆ ತಂದ ಆಹಾರವನ್ನೂ ಎಸೆದ ಆಹಾರವನ್ನೂ ತೂಗಿ ಬರೆದಿಡಿ.

ಎರಡನೆಯ ಹಂತ ಅಳತೆಗೋಲಿನ ಆಯ್ಕೆ, ಜನ ಎಡವುವುದು ಇಲ್ಲಿಯೇ. 119 ದೇಶಗಳ ಸುಮಾರು 38,700 ಕೃಷಿ ಘಟಕಗಳ ಮಾಹಿತಿಯನ್ನು ಒಗ್ಗೂಡಿಸಿ 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವನ್ನೇ ತೆಗೆದುಕೊಳ್ಳಿ. ಅದರ ಸರಾಸರಿಯಂತೆ, ತೂಕದ ಲೆಕ್ಕದಲ್ಲಿ ಚೀಸ್‌ನ ಹಸಿರುಮನೆ ಅನಿಲದ ಹೊರೆ ಹಾಲಿನದಕ್ಕಿಂತ ಏಳು ಪಟ್ಟಿಗೂ ಹೆಚ್ಚು. ಆದರೆ 100 ಗ್ರಾಂ ಪ್ರೋಟೀನಿನ ಲೆಕ್ಕ ಹಿಡಿದರೆ ಎರಡೂ ಹೆಚ್ಚುಕಡಿಮೆ ಸಮಕ್ಕೆ ಬರುತ್ತವೆ, ಏಕೆಂದರೆ ಹಾಲಿನ ತೂಕದಲ್ಲಿ ಬಹುಪಾಲು ನೀರೇ. ಇದೇ ಅಳತೆಯಲ್ಲಿ, ಮಾಂಸಕ್ಕೆಂದೇ ಸಾಕಿದ ದನದ ಮಾಂಸದ ಸರಾಸರಿ ಹೊರೆ ಇಂಗಾಲದ ಡೈಆಕ್ಸೈಡ್‌ಗೆ ಸಮನಾಗಿಸಿ ಹೇಳುವುದಾದರೆ ಸುಮಾರು 50 ಕೆ.ಜಿ., ಒಣ ಬಟಾಣಿಯದು ಅರ್ಧ ಕೆ.ಜಿ.ಗಿಂತಲೂ ಕಡಿಮೆ. ಬೇಳೆ, ಹಾಲು, ಮಾಂಸಗಳನ್ನು ಪ್ರೋಟೀನಿನಿಂದ, ಧಾನ್ಯಗಳನ್ನು ಕ್ಯಾಲೊರಿಯಿಂದ ಅಳೆಯಿರಿ. ಸೊಪ್ಪನ್ನು ಇವೆರಡರಿಂದಲೂ ಅಳೆಯಬೇಡಿ, ಅದನ್ನು ತಿನ್ನುವುದು ಅವುಗಳಿಗಾಗಿಯಲ್ಲ. ಒಣ ಬೇಳೆಯನ್ನು ಬೇಯಿಸಿದ ಮಾಂಸದ ಎದುರು ತೂಗುವ ತಪ್ಪನ್ನಂತೂ ಮಾಡಲೇಬೇಡಿ. ಯಾವುದಕ್ಕೆ ಹೋಲಿಸಿದ್ದೆಂದು ತಿಳಿಸದೆ ‘ಪರಿಸರಸ್ನೇಹಿ’ ಎಂದಷ್ಟೇ ಮುದ್ರಿಸಿದ ಪೊಟ್ಟಣದ ಮಾತನ್ನು ನಾನು ಲೆಕ್ಕಕ್ಕೇ ಸೇರಿಸುವುದಿಲ್ಲ.

ಸಾಗಣೆಯನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಆಹಾರದ ಒಟ್ಟು ಹೊರೆಯಲ್ಲಿ ಅದರ ಪಾಲು ಶೇ 6ರ ಆಸುಪಾಸಿನಲ್ಲಿದೆ; ವಿಮಾನದಲ್ಲಿ ಬರುವ, ಬೇಗ ಬಾಡುವ ಹಣ್ಣು ತರಕಾರಿಗಳು ಮಾತ್ರ ಇದಕ್ಕೆ ಹೊರತು.

ಬೇಸಾಯದ ವಿಧಾನವನ್ನು ತೂಗುವಾಗ ಒಂದೇ ಅಂಕಿಗೆ ಜೋತುಬೀಳದೆ, ಹೆಕ್ಟೇರಿಗೆ ಎಷ್ಟು, ಫಸಲಿನ ಕೆ.ಜಿ.ಗೆ ಎಷ್ಟು ಎಂದು ಎರಡು ಕಾಲಂ ಎಳೆಯಿರಿ. ಸಾವಯವ ಹೊಲದಲ್ಲಿ ರಾಸಾಯನಿಕ ಕೀಟನಾಶಕದ ಹೊರೆ ಕಡಿಮೆ, ಆದರೆ ಇಳುವರಿಯೂ ಸರಾಸರಿ ಐದನೇ ಒಂದು ಭಾಗದಷ್ಟು ಕಡಿಮೆಯಾದ್ದರಿಂದ ಅಷ್ಟೇ ಫಸಲಿಗೆ ಹೆಚ್ಚು ನೆಲ ಬೇಕಾಗುತ್ತದೆ. ಗೊಬ್ಬರ ಸಗಣಿಯದಾಗಲಿ ಯೂರಿಯಾ ಆಗಲಿ, ಬೆಳೆ ಹೀರಿಕೊಳ್ಳುವುದಕ್ಕಿಂತ ಹೆಚ್ಚು ಹಾಕಿದರೆ ಮಣ್ಣಿನಿಂದ ಹೊರಡುವ ನೈಟ್ರಸ್ ಆಕ್ಸೈಡ್ ಹೆಚ್ಚುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಈ ಅನಿಲ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಶಾಖ ಹಿಡಿದಿಡುತ್ತದೆ. ಸದಾ ನೀರು ನಿಲ್ಲಿಸಿದ ಗದ್ದೆಯಲ್ಲಿ ಮಣ್ಣಿಗೆ ಗಾಳಿಯಾಡದೆ ಮೀಥೇನ್ ಹುಟ್ಟುವುದರಿಂದ, ನಡುನಡುವೆ ನೀರು ಬಸಿದು ಬೆಳೆದ ಅಕ್ಕಿ ಸಿಗುವುದಾದರೆ ನಾನು ಸಾವಯವ ಮುದ್ರೆಗಿಂತ ಮೊದಲು ಅದನ್ನೇ ಆರಿಸುತ್ತೇನೆ. ದ್ವಿದಳ ಧಾನ್ಯಗಳ ಬೇರುಗಂಟಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನೇ ಗೊಬ್ಬರವಾಗಿಸುವುದರಿಂದ ಆ ಬೆಳೆಗಳಿಗೆ ಗೊಬ್ಬರದ ಲೆಕ್ಕದಲ್ಲಿ ಬರೆಯುವುದು ಅಷ್ಟೇನೂ ಇರುವುದಿಲ್ಲ.

ಕೊನೆಗೆ, ಬಂದ ಹೊರೆಯನ್ನು ತಂದ ತೂಕದಿಂದಲ್ಲ, ತಿಂದ ತೂಕದಿಂದ ಭಾಗಿಸಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಬಳಕೆದಾರರಿಗೆ ಲಭ್ಯವಿದ್ದ ಆಹಾರದಲ್ಲಿ ಶೇ 19ರಷ್ಟು ವ್ಯರ್ಥವಾಯಿತು, ಅದರ ಬಹುಪಾಲು ಮನೆಗಳಲ್ಲಿಯೇ. ತಂದ ನಾಲ್ಕು ಕೆ.ಜಿ.ಯಲ್ಲಿ ಒಂದು ಕೆ.ಜಿ. ಬುಟ್ಟಿಗೆ ಹೋದರೆ, ತಿಂದ ಪ್ರತಿ ಕೆ.ಜಿ.ಯ ಹೊರೆ ಮೂರನೇ ಒಂದು ಭಾಗದಷ್ಟು ಏರುತ್ತದೆ.